ಬಿರುಗಾಳಿಗೆ ಹೆಸರಿಡುವ ಮೊದಲು

ಖಾಸಗಿ ಕಂಪನಿ ಈ ವರ್ಷ ಕ್ಲೋವಿಸ್‌ನ ಮನೆಯ ವಿಮೆಯನ್ನು ಮುಂದುವರಿಸಲಿಲ್ಲ. ಇನ್ನೆರಡು ಕಂಪನಿಗಳನ್ನು ಕೇಳಿದ. ಸಮುದ್ರ ಹತ್ತಿರ ಎಂದು ಅವರೂ ಆಗದು ಎಂದುಬಿಟ್ಟರು. ಲೂಯಿಸಿಯಾನ ರಾಜ್ಯದ ಆ ಕೊಲ್ಲಿಯ ದಂಡೆಯಲ್ಲಿ ಇದು ಹೊಸತೇನಲ್ಲ. ಮನೆ ಹೆಂಡತಿ ಓಡೆಲಿಯ ಅಪ್ಪ ಕಟ್ಟಿದ್ದು, ಎತ್ತರದ ಕಂಬಗಳ ಮೇಲೆ ನಿಂತದ್ದು. ಅದು ಹೋದರೆ ಅವರಿಗೆ ಬೇರೆ ಸೂರಿರಲಿಲ್ಲ.

ಪಕ್ಕದ ಮನೆಯವಳು ಓಡೆಲಿಯ ತಂಗಿ ವರ್ಲೀನ್. ಸುದ್ದಿ ಕೇಳಿ ಸಂಜೆ ಬಂದಳು. ಯಾರೂ ವಿಮೆ ಕೊಡದ ಮನೆಗಳಿಗೆಂದೇ ರಾಜ್ಯ ಸರ್ಕಾರದ ಬೆಂಬಲದ ವಿಮೆ ಇದೆ, ತನ್ನ ಮನೆಯೂ ಅದರಲ್ಲೇ ಇದೆ ಎಂದಳು. ಅಗ್ಗವೇನಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಕ್ಲೋವಿಸ್ ಓಡೆಲಿಯ ಜೊತೆ ಅಂಗಳದಲ್ಲಿ ಕೂತು ಸೀಗಡಿ ಬಲೆಯ ಹರುಕು ಹೊಲಿಯುತ್ತಿದ್ದ. ತಲೆ ಎತ್ತಲಿಲ್ಲ. "ಸರ್ಕಾರದ್ದು ತಾನೆ, ಎಲ್ಲಿಗೆ ಓಡಿಹೋಗುತ್ತೆ? ಗಾಳಿ ಬಂದಾಗ ನೋಡೋಣ."

ಆ ದಂಡೆಯವರೆಲ್ಲರ ಲೆಕ್ಕವೂ ಅದೇ. ಹವಾಮಾನ ಇಲಾಖೆಯವರು ಬಿರುಗಾಳಿಗೆ ಹೆಸರಿಟ್ಟರೆಂದು ರೇಡಿಯೋ ಹೇಳಬೇಕು. ಆಮೇಲೆ ದೋಣಿಯನ್ನು ಒಳಗಾಲುವೆಗೆ ಒಯ್ಯುವುದು, ಕಿಟಕಿಗೆ ಹಲಗೆ ಹೊಡೆಯುವುದು. ಹೆಸರಿಗೆ ಮೊದಲೇ ಸುತ್ತಿಗೆ ಹಿಡಿದವನು ಪುಕ್ಕಲ.

"ಭಾವ, ಹಲಗೆಗೆ ಕಾಯಬಹುದು, ವಿಮೆಗೆ ಕಾಯೋಕಾಗಲ್ಲ," ಎಂದಳು ವರ್ಲೀನ್. "ಹೆಸರಿಟ್ಟ ಗಾಳಿ ಕೊಲ್ಲಿಗೆ ಬಂತು ಅಂದ್ರೆ ಹೊಸ ವಿಮೆ ಬರೆಯೋದನ್ನೇ ನಿಲ್ಲಿಸಿಬಿಡ್ತಾರೆ. ನಾನೂ ಹಿಂಗೇ ಕಾದೆ. ಸೂರು ಹಾರಿಹೋಗಿ ನಾವು ಗಾಲಿ ಮೇಲಿನ ಟ್ರೇಲರ್ ಮನೇಲಿ ಬಿದ್ದಿದ್ದಾಗ ಊಟ ತಂದುಕೊಟ್ಟೋನು ನೀನೇ ಅಲ್ವಾ?"

ಕ್ಲೋವಿಸ್‌ನ ಸೂಜಿ ನಿಂತಿತು.

ಛಾವಣಿ ಗಟ್ಟಿ ಇದೆಯೋ ಇಲ್ಲವೋ ಎಂದು ವಿಮೆಯವರು ಮೊದಲು ಬಂದು ನೋಡುತ್ತಾರೆ ಎಂದೂ ಅವಳು ಹೇಳಿದಳು. ಓಡೆಲಿ ಛಾವಣಿಯತ್ತ ನೋಡಿದಳು. ಹಿಂದಿನ ಗಾಳಿಗೆ ಒಡೆದ ಕಡೆ ಹೊದಿಸಿದ ನೀಲಿ ಟಾರ್ಪಾಲು ಇನ್ನೂ ಹಾಗೇ ಇತ್ತು.

"ಅದನ್ನೂ ನನ್ನ ತವರಿನ ಬಳುವಳಿ ಅಂದ್ಕೊಂಡ್ಯಾ? ತೆಗಿ ಇನ್ನಾದ್ರೂ," ಎಂದಳು.

ಮರುದಿನ ಟಾರ್ಪಾಲು ಇಳಿಯಿತು. ಛಾವಣಿ ರಿಪೇರಿಗೆ ಕೆಲವು ವಾರ ಹಿಡಿಯಿತು. ಅರ್ಜಿ ಹಾಕಿದರು. ತಪಾಸಣೆ ಮುಗಿದು, ಸರ್ಕಾರದ ಬೆಂಬಲದ ವಿಮೆ ಜಾರಿಗೆ ಬಂತು. ನೆರೆನೀರಿನ ಹಾನಿ ಇದರಲ್ಲಿ ಸೇರಿಲ್ಲವೆಂದು ವರ್ಲೀನ್ ನೆನಪಿಸಿದ್ದರಿಂದ ಅದಕ್ಕೆ ಬೇರೆ ವಿಮೆಯನ್ನೂ ಮಾಡಿಸಿದರು.

ಆಗಸ್ಟ್‌ನಲ್ಲಿ ರೇಡಿಯೋ ಒಂದು ಹೆಸರು ಹೇಳಿತು. ಗಾಳಿ ಆಗಲೇ ಕೊಲ್ಲಿಯೊಳಗಿತ್ತು. ಕ್ಲೋವಿಸ್ ಏಣಿ ಹತ್ತಿ ಹಲಗೆ ಹೊಡೆಯುತ್ತಿದ್ದ. ಎದುರುಮನೆಯ ಟೆಲೆಸ್ಫೋರ್ ಓಡಿಬಂದು, ಆ ಸರ್ಕಾರದ ವಿಮೆಗೆ ಎಲ್ಲಿ ಹೋಗಬೇಕು ಎಂದು ಕೇಳಿದ.

ಕ್ಲೋವಿಸ್ ಬಾಯಲ್ಲಿದ್ದ ಮೊಳೆ ತೆಗೆದ. "ಇವತ್ತು ಎಲ್ಲಿಗೆ ಹೋದ್ರೂ ಬರೆಯಲ್ಲ ಕಣೋ. ಇನ್ನು ಹಲಗೆ ಮಾತ್ರ. ತಡಿ, ನಿನ್ನ ಕಿಟಕಿಗೂ ನಾನೇ ಹೊಡಿತೀನಿ."

ನಿಮ್ಮ ಮನೆಗೂ ಯಾರೂ ವಿಮೆ ಕೊಡುತ್ತಿಲ್ಲವೇ? ನಿಮ್ಮಲ್ಲಿ ಸರ್ಕಾರದ ಬೆಂಬಲದ ವಿಮೆ ಇದೆಯೇ, ಅದರಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂದು ಕೇಳಿ ತಿಳಿಯಿರಿ. ಆಕಾಶ ತಿಳಿಯಾಗಿರುವ ಇವತ್ತೇ ಕೇಳಿ.