ಬುಡನ್ ಸಾಬರು ಮಾಡಿದ ಟ್ಯಾಬ್ಲೆಟ್ಟು

ನಾನು ಒಂದು ಟ್ಯಾಬ್ಲೆಟ್ ಕಂಪ್ಯೂಟರು. ನನ್ನನ್ನು ಮಾಡಿಸಿದವರು ಹಾಗೆ ಹೇಳಿದರು, ನಾನೂ ಕೆಲವು ದಿನ ಹಾಗೆಂದೇ ನಂಬಿ ಬೀಗಿದೆ. ಈಗ ನಿಜ ಹೇಳಿಬಿಡುತ್ತೇನೆ. ನನ್ನೊಳಗೆ ತಂತಿ ಇಲ್ಲ, ಬ್ಯಾಟರಿ ಇಲ್ಲ, ಬೆಳಕೂ ಇಲ್ಲ. ನಾನು ಹಾಲೆಮರದ ಹಲಗೆ. ಟ್ಯಾಬ್ಲೆಟ್ ಎಂಬುದೊಂದು ಬರುತ್ತದಂತೆ ಎಂಬ ಸುದ್ದಿ ಮಾತ್ರ ಇದ್ದ ಕಾಲದಲ್ಲಿ, ಅದು ಬಂದರೆ ಜನಕ್ಕೆ ಹಿಡಿಸುತ್ತದೋ ಇಲ್ಲವೋ ಎಂದು ಕೇಳಿ ನೋಡಲು ನನ್ನನ್ನು ಮಾಡಿಸಿದರು. ಇನ್ನೂ ಹುಟ್ಟದ ಗಂಡಿಗೆ ಹೆಣ್ಣು ನೋಡಲು ಹೊರಟ ನೆಂಟ ನಾನು ಎಂದುಕೊಳ್ಳಿ.

ಹುಟ್ಟಿದ್ದು ಚನ್ನಪಟ್ಟಣದಲ್ಲಿ, ಬುಡನ್ ಸಾಬರ ಮನೆಯ ಮುಂದಿನ ಕೆಲಸದ ಕೋಣೆಯಲ್ಲಿ. ಅವರು ಬೊಂಬೆ ಮಾಡುವವರು. ಲೇತಿಗೆ ಮರ ಸಿಕ್ಕಿಸಿ ತಿರುಗಿಸುವುದು, ಉಳಿ ಹಿಡಿದು ಕಡೆಯುವುದು, ಬಣ್ಣದ ಅರಗು ಒತ್ತಿ ತಾಳೆಗರಿಯಲ್ಲಿ ಉಜ್ಜಿ ಹೊಳಪು ತರುವುದು, ಇದೇ ಅವರ ಕೆಲಸ. ಹಾಗಾಗಿ ಆ ಕೋಣೆಯಲ್ಲಿ ಹುಟ್ಟಿದ್ದೆಲ್ಲ ದುಂಡಗೆ. ಬುಗುರಿ, ಗಿಲಕಿ, ಕುಂಕುಮದ ಭರಣಿ, ತಲೆ ಅಲ್ಲಾಡಿಸುವ ಮದುಮಗಳು. ಚಪ್ಪಟೆಯಾಗಿ ಹುಟ್ಟಿದವನು ನಾನೊಬ್ಬನೇ.

ನನ್ನನ್ನು ಹೇಳಿ ಮಾಡಿಸಿದವರು ಮೊಬೈಲ್ ಅಂಗಡಿಯ ಶ್ರೀಕಂಠಯ್ಯ. ಪತ್ರಿಕೆಯಿಂದ ಕತ್ತರಿಸಿದ ಒಂದು ಚೂರನ್ನು ಜೇಬಿನಿಂದ ತೆಗೆದು ಸಾಬರ ಮುಂದೆ ಹಿಡಿದರು. ಅದರಲ್ಲಿ ಚಿತ್ರವಿರಲಿಲ್ಲ. ಹತ್ತು ಇಂಚು ಉದ್ದ ಇರಬಹುದು, ತೆಳ್ಳಗಿರಬಹುದು, ಕೀಲಿಗಳೇ ಇರಲಿಕ್ಕಿಲ್ಲ ಎಂದೆಲ್ಲ ಬರೀ 'ಬಹುದು'ಗಳೇ ಇದ್ದವು.

"ಇದು ತಿರುಗಲ್ವಲ್ಲ ಸ್ವಾಮಿ," ಎಂದರು ಸಾಬರು. "ಲೇತಿಗೆ ಹೆಂಗೆ ಸಿಗ್ಸೋದು?"

"ಹೆಂಗಾದ್ರೂ ಮಾಡ್ಕೊಡಿ ಸಾಬ್ರೇ. ಜನದ ಕೈಗೆ ಕೊಟ್ಟು ಕೇಳ್ಬೇಕು. ಬರೀ ಮಾತಲ್ಲಿ ಹೇಳಿದ್ರೆ ಯಾರಿಗೂ ಅರ್ಥ ಆಗಲ್ಲ."

ಸಾಬರು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೈಯಲ್ಲೇ ಉಜ್ಜಿದರು. ಮುಂಭಾಗಕ್ಕೆ ಕಪ್ಪು ಅರಗು, ಬೆನ್ನಿಗೆ ಅರಿಸಿನದ ಹಳದಿ. ಬೆನ್ನು ಹಳದಿ ಇರಲಿ ಎಂದು ಯಾರೂ ಹೇಳಿರಲಿಲ್ಲ. ನಾಲ್ಕು ಮೂಲೆಗಳನ್ನೂ ಉಜ್ಜಿ ಉಜ್ಜಿ ಗಿಲಕಿಯ ಹಾಗೆ ನುಣ್ಣಗೆ ಮಾಡಿದರು. "ಮಗು ಬಾಯಿಗಿಟ್ಕೊಂಡ್ರೂ ಏನೂ ಆಗ್ಬಾರ್ದು," ಎಂದುಕೊಂಡರು. ನಾನು ಯಾರ ಬಾಯಿಗೂ ಹೋಗುವ ವಸ್ತುವಲ್ಲ ಎಂದು ಅವರಿಗೆ ತಿಳಿಸಿದವರಿಲ್ಲ. ನನ್ನ ಮೇಲೆ ಅವರು ಅಷ್ಟೊಂದು ಅಕ್ಕರೆ ಸುರಿದದ್ದೇ ಮುಂದೆ ದೊಡ್ಡ ತಪ್ಪಿಗೆ ದಾರಿಯಾಯಿತು.

ಇನ್ನು ನಾನು ಹೋಗಿ ಸೇರಿದ ಮನೆಯ ವಿಷಯ. ರಸ್ತೆಗೆ ಮುಖ ಮಾಡಿದ ಒಂದು ದೊಡ್ಡ ಹಾಲು, ಅದರಲ್ಲಿ ಹನ್ನೊಂದು ಟೈಪ್‌ರೈಟರುಗಳು. ಅದು ಶ್ರೀಕಂಠಯ್ಯನವರ ಅಕ್ಕ ಸುಗುಣಮ್ಮನವರ ಟೈಪಿಂಗ್ ಶಾಲೆ. ಮೂವತ್ತು ವರ್ಷದಿಂದ ಅವರು ಅಲ್ಲಿ ಊರಿನ ಬೆರಳುಗಳಿಗೆಲ್ಲ ಪಾಠ ಹೇಳುತ್ತಿದ್ದರು. ಕೋರ್ಟಿನ ಗುಮಾಸ್ತರು, ತಾಲ್ಲೂಕು ಕಚೇರಿಯ ಹೆಣ್ಣುಮಕ್ಕಳು, ಎಲ್ಲರೂ ಆ ಹಾಲಿನಿಂದಲೇ ಹೊರಟವರು. ಶ್ರೀಕಂಠಯ್ಯನವರ ಮೊಬೈಲ್ ಅಂಗಡಿ ಮಾತ್ರ ಮಹಡಿ ಮೆಟ್ಟಿಲಿನ ಕೆಳಗಿನ ಗೂಡಿನಲ್ಲಿ. ನೆಟ್ಟಗೆ ನಿಂತರೆ ತಲೆ ತಾಗುತ್ತಿತ್ತು. ಕೂರಲು ಸ್ಟೂಲು ಹಾಕಿದರೆ ಗಿರಾಕಿಗೆ ಜಾಗವಿರುತ್ತಿರಲಿಲ್ಲ. ಮೊದಲು ಎಸ್‌ಟಿಡಿ ಬೂತು, ಆಮೇಲೆ ಮೊಬೈಲು ಎಂದು ಹದಿನೈದು ವರ್ಷ ಬಗ್ಗಿ ನಿಂತೇ ವ್ಯಾಪಾರ ಮಾಡಿದ್ದರು.

ಅವರಿಗೊಂದು ಆಸೆ ಹುಟ್ಟಿತ್ತು. ಟ್ಯಾಬ್ಲೆಟ್ ಬಂದ ದಿನವೇ ಊರಿನಲ್ಲಿ ಮೊದಲು ಮಾರುವವರು ತಾವಾಗಬೇಕು. ಅದಕ್ಕೆ ದೊಡ್ಡ ಜಾಗ ಬೇಕು. ಜಾಗ ಎಂದರೆ ಹಾಲು, ಹಾಲು ಸಿಗಬೇಕೆಂದರೆ ಹನ್ನೊಂದು ಮೆಷಿನ್ನುಗಳು ಎದ್ದು ಹೋಗಬೇಕು.

"ಕೀಲಿನೇ ಇಲ್ಲದ ಪೆಟ್ಟಿಗೆನ ಯಾರು ಕೊಳ್ತಾರೋ?" ಎಂದರು ಸುಗುಣಮ್ಮ.

"ಜನನೇ ಕೇಳೋಣ ಅಕ್ಕ. ಒಂದು ತಿಂಗಳು. ಬೇಡ ಅಂದ್ರೆ ನಾನು ಈ ಮಾತು ಮತ್ತೆ ಎತ್ತಲ್ಲ."

ಹೀಗೆ ನನ್ನ ಉದ್ಯೋಗ ಶುರುವಾಯಿತು. ಹಾಲಿನ ಬಾಗಿಲಲ್ಲಿ ಒಂದು ಮೇಜು, ಮೇಜಿನ ಮೇಲೆ ನಾನು, ನನ್ನ ಆ ಕಡೆ ಈ ಕಡೆ ಎರಡು ಡಬ್ಬಿ, ಮುಂದೆ ಒಂದು ಬಟ್ಟಲು ಹುಣಸೆಬೀಜ. ಬಂದವರು ನನ್ನನ್ನು ಎತ್ತಿ ನೋಡಬೇಕು. ಇಂಥದ್ದು ಬಂದರೆ ಬೇಕು ಎನಿಸಿದರೆ ಬಲಗಡೆಯ ಡಬ್ಬಿಗೆ ಒಂದು ಬೀಜ, ಬೇಡ ಎನಿಸಿದರೆ ಎಡಗಡೆಯದಕ್ಕೆ.

ಆ ಒಂದು ತಿಂಗಳಲ್ಲಿ ನಾನು ಕಂಡ ಕೈಗಳು ಎಷ್ಟು! ಬಳೆ ಅಂಗಡಿಯ ಪುಟ್ಟಗೌರಮ್ಮ ನನ್ನಿಂದ ಗಾಳಿ ಬೀಸಿಕೊಂಡೇ ಮಾತಾಡಿದರು. "ಇದ್ರಲ್ಲಿ ಸಿನಿಮಾನೂ ಬತ್ತದಾ? ಮತ್ತೆ ಟಿವಿ ಯಾತಕ್ಕೆ ಬೇಕು?" ಎಂದು ಕೇಳಿ ಬಲಗಡೆ ಬೀಜ ಹಾಕಿದರು. ನಿವೃತ್ತ ಹೆಡ್‌ಮಾಸ್ಟರು ರಾಮಲಿಂಗಯ್ಯನವರು ಕನ್ನಡಕ ಸರಿಮಾಡಿಕೊಂಡು, ಇಡೀ ಪತ್ರಿಕೆ ಇದರೊಳಗೆ ಬಂದರೆ ವಡೆ ಯಾವುದರಲ್ಲಿ ಕಟ್ಟುವುದು ಎಂದು ಅರ್ಧ ಗಂಟೆ ವಾದ ಮಾಡಿದರು. ಬಸ್ ಕಂಡಕ್ಟರ್ ಒಬ್ಬರು ನನ್ನನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿದರು. ಒಂದು ಮಗುವಂತೂ ನನ್ನ ಮೂಲೆಯನ್ನು ಬಾಯಿಗಿಟ್ಟುಕೊಂಡಿತು. ಸಾಬರ ಮಾತು ಸುಳ್ಳಾಗಲಿಲ್ಲ, ಮಗುವಿಗೆ ಏನೂ ಆಗಲಿಲ್ಲ.

ಬಲಗಡೆಯ ಡಬ್ಬಿ ತುಂಬುತ್ತಾ ಬಂತು. ಮೊದಮೊದಲು ನನಗೆ ಖುಷಿಯೋ ಖುಷಿ. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. "ಎಷ್ಟು ನುಣ್ಣಗದೆ ನೋಡು," ಎನ್ನುತ್ತಿದ್ದರು ಜನ. "ಒಳ್ಳೆ ವಾಸ್ನೆ ಬತ್ತದೆ," "ಬೆನ್ನಿನ ಹಳದಿ ಚೆಂದಾಗದೆ," ಎನ್ನುತ್ತಿದ್ದರು. ಅವರು ಇಷ್ಟಪಟ್ಟದ್ದು ಬರಲಿರುವ ಟ್ಯಾಬ್ಲೆಟ್ಟನ್ನಲ್ಲ, ಬುಡನ್ ಸಾಬರ ಕೈಗೆಲಸವನ್ನು. ಚನ್ನಪಟ್ಟಣದ ಜನ ಅರಗಿನ ಹೊಳಪು ಕಂಡರೆ ಬೇಡ ಎನ್ನುವವರೇ? ನಾನು ಸುಳ್ಳು ಸಾಕ್ಷಿ ಹೇಳುತ್ತಿದ್ದೆ. ಬಾಯಿಯಿಲ್ಲದ ನಾನು ಯಾರಿಗೆ ಹೇಳಲಿ? ನನ್ನ ಹಿಂದೆ ಹನ್ನೊಂದು ಮೆಷಿನ್ನುಗಳು ಟಕಟಕ ಎನ್ನುತ್ತಲೇ ಇದ್ದವು. ಸುಗುಣಮ್ಮನವರ ಪಾಠ ಕೇಳಿ ಕೇಳಿ ಯಾವ ಬೆರಳು ಎಲ್ಲಿಗೆ ಹೋದರೆ ಯಾವ ಅಕ್ಷರ ಎಂಬುದು ನನಗೂ ಬಂದುಬಿಟ್ಟಿತ್ತು.

ಇಡೀ ತಿಂಗಳು ಸುಗುಣಮ್ಮ ನನ್ನನ್ನು ಮುಟ್ಟಲಿಲ್ಲ. ನನ್ನ ಪಕ್ಕದಲ್ಲೇ ಹಾದುಹೋಗುವರು, ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕೊನೆಯ ದಿನ ಸಂಜೆ ಪಾಠ ಮುಗಿದು ಎಲ್ಲರೂ ಹೋದ ಮೇಲೆ ಬಂದು ಮೇಜಿನ ಮುಂದೆ ಕೂತರು. ಶ್ರೀಕಂಠಯ್ಯ ಎದುರಿಗೆ ನಿಂತಿದ್ದರು.

"ಅಕ್ಕ, ಡಬ್ಬಿ ಹೇಳೋದು ಆಮೇಲಿರ್ಲಿ. ನೀನು ಒಬ್ಬಳು ಬೇಡ ಅಂದ್ರೆ ಸಾಕು, ಬೀಜ ಎಲ್ಲ ಇಲ್ಲೇ ಚೆಲ್ಲಿಬಿಡ್ತೀನಿ," ಎಂದರು.

ಆ ಮಾತಿನಲ್ಲಿ ನಾಟಕವಿರಲಿಲ್ಲ. ಸುಗುಣಮ್ಮ ನನ್ನನ್ನು ತೊಡೆಯ ಮೇಲಿಟ್ಟುಕೊಂಡರು. ಹತ್ತೂ ಬೆರಳುಗಳನ್ನು ನನ್ನ ಬರಿಯ ಕಪ್ಪು ಮುಖದ ಮೇಲೆ ಸಾಲಾಗಿ ಇಟ್ಟು ಕಣ್ಣು ಮುಚ್ಚಿದರು. ಬೆರಳುಗಳು ಮೆಲ್ಲಗೆ ಎದ್ದು ಕೂತು, ಎದ್ದು ಕೂತು, ಒಂದು ಪದ ಬರೆದವು. 'ಬೇಡ' ಎಂಬ ಪದ. ನನ್ನ ಮೇಲೆ ಅಕ್ಷರಗಳಿರಲಿಲ್ಲ, ಆದ್ದರಿಂದ ಅದನ್ನು ಓದಿದವನು ಲೋಕದಲ್ಲಿ ನಾನೊಬ್ಬನೇ.

ಆಮೇಲೆ ಅವರು ಕಣ್ಣು ಬಿಟ್ಟು ತಮ್ಮನನ್ನು ನೋಡಿದರು. ಹಾಲಿನ ಸೂರು ಎರಡಾಳು ಎತ್ತರ. ಅಷ್ಟೆತ್ತರದ ಸೂರಿನ ಕೆಳಗೂ ಶ್ರೀಕಂಠಯ್ಯ ತಲೆ ಬಗ್ಗಿಸಿಕೊಂಡೇ ನಿಂತಿದ್ದರು. ಮೆಟ್ಟಿಲಿನ ಕೆಳಗೆ ನಿಂತು ನಿಂತು ಕತ್ತಿಗೆ ಅದೇ ಅಭ್ಯಾಸವಾಗಿತ್ತು. ಸುಗುಣಮ್ಮ ಬಟ್ಟಲಿನಿಂದ ಒಂದು ಬೀಜ ತೆಗೆದು ಬಲಗಡೆಯ ಡಬ್ಬಿಗೆ ಹಾಕಿದರು.

"ಬೇಕು ಕಣೋ. ಚೆನ್ನಾಗೇ ಇದೆ," ಎಂದರು.

ಮೆಷಿನ್ನುಗಳನ್ನು ಗುಜರಿಗೆ ಕೊಡಲು ಅವರು ಒಪ್ಪಲಿಲ್ಲ. ಹಳೆಯ ವಿದ್ಯಾರ್ಥಿಗಳಿಗೆ ಹೇಳಿ ಕಳಿಸಿದರು. ಒಬ್ಬೊಬ್ಬರಾಗಿ ಬಂದು ಒಂದೊಂದನ್ನು ಎತ್ತಿಕೊಂಡು ಹೋದರು. ಕಳಿಸುವ ಮುಂಚೆ ಸುಗುಣಮ್ಮ ಪ್ರತಿಯೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಹೊಸ ರಿಬ್ಬನ್ ಹಾಕಿ ಕೊಟ್ಟರು. ಹನ್ನೊಂದನೆಯದು ಹೋದ ಮೇಲೆ ಹಾಲಿನಲ್ಲಿ ಕೆಮ್ಮಿದರೂ ಪ್ರತಿಧ್ವನಿ ಬರುತ್ತಿತ್ತು. ನನಗೆ ಅಳು ಬಂದಿತ್ತು, ಆದರೆ ಅರಗು ಬಳಿದ ಮರ ಬೆವರುವುದೂ ಇಲ್ಲ.

ನಿಜವಾದ ಟ್ಯಾಬ್ಲೆಟ್ ನಮ್ಮೂರಿಗೆ ಬರುವ ಹೊತ್ತಿಗೆ ವರ್ಷದ ಮೇಲಾಗಿತ್ತು. ಗಾಜಿನ ಬೀರು, ಬಣ್ಣದ ದೀಪ, ಮಾವಿನ ತೋರಣ, ಎಲ್ಲ ಸಿದ್ಧವಾಗಿತ್ತು. ಶ್ರೀಕಂಠಯ್ಯ ಹೊಸ ಅಂಗಿ ತೊಟ್ಟು ಕುರ್ಚಿಯ ಮೇಲೆ ಕೂತಿದ್ದರು. ಮೊದಲು ಬಂದವರು ಪುಟ್ಟಗೌರಮ್ಮನೇ. ಟ್ಯಾಬ್ಲೆಟ್ಟನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದರು.

"ತಣ್ಣಗದಲ್ಲಪ್ಪ. ಜಾರ್ತದೆ ಬೇರೆ. ಆವತ್ತು ತೋರ್ಸಿದ್ರಲ್ಲ, ಹಳದಿ ಬೆನ್ನಿಂದು, ಅದಿಲ್ವಾ?"

ಅವರ ಹಿಂದೆ ಬಂದವರೂ ನನ್ನನ್ನೇ ಕೇಳಿದರು. ಕೌಂಟರಿನ ಕೆಳಗಿನ ಖಾನೆಯಲ್ಲಿ ಮಲಗಿದ್ದ ನಾನು ನಾಚಿಕೆಯಿಂದ ಕುಗ್ಗಿಹೋದೆ. ಹಾಗಾದರೆ ಜನಕ್ಕೆ ಟ್ಯಾಬ್ಲೆಟ್ ಹಿಡಿಸಿತೇ, ಇಲ್ಲವೇ? ಕೆಲವರಿಗೆ ಹಿಡಿಸಿತು, ಕೊಂಡರು, ಮೊಮ್ಮಕ್ಕಳ ಕೈಗೆ ಕೊಟ್ಟು ಊಟ ಮಾಡಿಸಿದರು. ಉಳಿದವರು ಕಾದರು. ಅಷ್ಟರಲ್ಲಿ ಫೋನುಗಳೇ ಅಗಲವಾಗುತ್ತಾ ಬಂದವು, ಶ್ರೀಕಂಠಯ್ಯನವರ ಅಂಗಡಿ ನಡೆದದ್ದು ಫೋನುಗಳಿಂದ. ಪತ್ರಿಕೆಯ ಚೂರಿನಲ್ಲಿದ್ದ ಅಷ್ಟೂ 'ಬಹುದು'ಗಳಲ್ಲಿ ಇದೊಂದು ಮಾತ್ರ ಇರಲಿಲ್ಲ.

ನನ್ನ ಎರಡನೆಯ ಜನ್ಮಕ್ಕೆ ಕಾರಣಳಾದವಳು ರೇವತಿ ಎಂಬ ಹುಡುಗಿ. ಕಂಪ್ಯೂಟರಿನ ಕೆಲಸಕ್ಕೆ ಪರೀಕ್ಷೆ ಬರೆಯಬೇಕಿತ್ತು, ಒಂದೇ ಬೆರಳಲ್ಲಿ ಕುಟ್ಟುತ್ತಿದ್ದಳು. "ಬೆರಳು ಕಲಿಸಿಕೊಡಿ ಮೇಡಮ್," ಎಂದು ಸುಗುಣಮ್ಮನವರನ್ನು ಹುಡುಕಿಕೊಂಡು ಬಂದಳು. ಮೆಷಿನ್ನೇ ಇಲ್ಲದವರು ಏನು ಕಲಿಸಬೇಕು? ಅವರಿಗೆ ನಾನು ನೆನಪಾದೆ. ನನ್ನನ್ನು ಖಾನೆಯಿಂದ ತೆಗೆದು, ಧೂಳು ಒರೆಸಿ, ಬುಡನ್ ಸಾಬರ ಮನೆಗೆ ಕರೆದುಕೊಂಡು ಹೋದರು. ಸಾಬರಿಗೆ ಆಗಲೇ ಕೈ ನಡುಗುತ್ತಿತ್ತು. ಆದರೂ ನನ್ನ ಮುಖದ ಮೇಲೆ ಕೀಲಿಯ ಜಾಗಕ್ಕೊಂದರಂತೆ ಹಳದಿ ಸುತ್ತುಗಳನ್ನು ಬರೆದರು. ಸುಗುಣಮ್ಮ ಒಂದೊಂದು ಸುತ್ತಿನೊಳಗೂ ಒಂದೊಂದು ಕನ್ನಡ ಅಕ್ಷರ ಬರೆದರು.

"ನೋಡ್ದಾ, ಕೊನೆಗೆ ನೀನೂ ದುಂಡಗಾದೆ," ಎಂದು ಸಾಬರು ನನ್ನ ಬೆನ್ನು ತಟ್ಟಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಆಮೇಲೆ ಹತ್ತು ವರ್ಷ ನನ್ನ ಜಾಗ ಹಿತ್ತಲಿನ ಜಗಲಿ. ನಾನಿರುವುದು ಒಬ್ಬನೇ, ಹಾಗಾಗಿ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಪಾಠ. ಬಿಸಿಲು ಬಂದರೆ ಒಳಗೆ, ಮಳೆಯ ಇರಚಲು ಬಂದರೆ ಒಳಗೆ. ಮೊದಲ ವಾರ ಮರದ ಮೇಲೆ, ಆಮೇಲೆ ಎಲ್ಲಾದರೂ ಹೋಗಿ ಕಂಪ್ಯೂಟರ್ ಮುಟ್ಟು ಎನ್ನುವರು ಸುಗುಣಮ್ಮ. ಎಷ್ಟೋ ಜನರ ಬೆರಳುಗಳ ಬಿಸಿ ನನ್ನಲ್ಲಿ ಇಳಿದಿದೆ. ಈಗ ನನ್ನ ಹೊಳಪು ಹೋಗಿದೆ, ನಡುಸಾಲಿನ ಸುತ್ತುಗಳು ಸವೆದಿವೆ, ಒಂದು ಮೂಲೆಯಲ್ಲಿ ಸಣ್ಣ ಸೀಳು ಬಿಟ್ಟಿದೆ. ಅಕ್ಷರಗಳು ಮಾತ್ರ ಇನ್ನೂ ಕಾಣುತ್ತವೆ. ಪಾಠವಿಲ್ಲದ ಮಧ್ಯಾಹ್ನಗಳಲ್ಲೂ ಸುಗುಣಮ್ಮ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಅವರಿಗೆ ಎಪ್ಪತ್ತು ದಾಟಿತು.

ಹೋದ ವಾರ ಶ್ರೀಕಂಠಯ್ಯ ಜಗಲಿಗೆ ಬಂದು ಅಕ್ಕನ ಪಕ್ಕ ಕೂತರು. ಅವರ ತಲೆಯೂ ಪೂರ್ತಿ ಬಿಳಿ.

"ಅಕ್ಕ, ಫೋನನ್ನೂ ಈಗ ಜನ ಮನೆಗೇ ತರಿಸ್ಕೋತಾರೆ. ಅರ್ಧ ಹಾಲು ಸುಮ್ನೆ ಬಿದ್ದಿದೆ. ಯಾರೋ ಬಾಡಿಗೆಗೆ ಕೇಳ್ತಿದಾರೆ. ಕೊಡ್ಲಾ? ಇಲ್ಲ, ನಿನಗೇನಾದ್ರೂ ಬೇಕಾ?"

"ನನಗ್ಯಾಕೋ ಈ ವಯಸ್ಸಲ್ಲಿ? ಬೇಡ ಬಿಡು. ಕೊಟ್ಬಿಡು," ಎಂದರು ಸುಗುಣಮ್ಮ, ಹಿತ್ತಲಿನ ಕರಿಬೇವಿನ ಗಿಡ ನೋಡುತ್ತಾ.

ಆದರೆ ಅವರ ಬೆರಳುಗಳು ನನ್ನ ಮೇಲಿದ್ದವು. ಅವು ಬಾಯಿಯ ಮಾತು ಕೇಳುವ ಬೆರಳುಗಳಲ್ಲ. ಮೆಲ್ಲಗೆ ಎದ್ದು ಕೂತು, ಎದ್ದು ಕೂತು, ಮತ್ತೆ ಒಂದು ಪದ ಬರೆದವು.

ಶ್ರೀಕಂಠಯ್ಯನವರ ಕಣ್ಣು ನನ್ನ ಮೇಲೆ ಬಿತ್ತು. ಅವರು ಜನ್ಮದಲ್ಲಿ ಟೈಪಿಂಗ್ ಕಲಿತವರಲ್ಲ. ಅಕ್ಕ ಬೆರಳಿಟ್ಟ ಸುತ್ತುಗಳನ್ನು ಒಂದೊಂದಾಗಿ ನೋಡಿ, ಒಂದನೇ ತರಗತಿಯ ಮಗುವಿನ ಹಾಗೆ ತುಟಿ ಅಲ್ಲಾಡಿಸುತ್ತಾ ಕೂಡಿಸಿಕೊಂಡರು. ಓದು, ಮಹರಾಯ, ಓದು, ಎಂದು ಒಳಗೊಳಗೇ ಕೂಗಿದೆ. ಓದಿದರು.

"ಬೇಕು," ಎಂದರು ಗಟ್ಟಿಯಾಗಿ.

ಸುಗುಣಮ್ಮ ಬೆಚ್ಚಿ ಕೈ ಎತ್ತಿಕೊಂಡರು. ಶ್ರೀಕಂಠಯ್ಯ ಅಕ್ಕನ ಮುಖ ನೋಡಿದರು.

"ಆವತ್ತೂ ಹಿಂಗೇನಾ ಅಕ್ಕ? ಬಾಯಲ್ಲಿ ಒಂದು, ಬೆರಳಲ್ಲಿ ಒಂದು?"

ಸುಗುಣಮ್ಮ ಸೆರಗಿನಿಂದ ನನ್ನನ್ನು ಒರೆಸಿದರು, ಒರೆಸಲು ಏನೂ ಇರಲಿಲ್ಲ. ನಾನು ಸುಳ್ಳು ಸಾಕ್ಷಿ ಹೇಳಿ ಒಬ್ಬರ ಹಾಲು ಕಳೆದವನು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು 'ಬೇಡ'ವನ್ನು ಎದೆಯಲ್ಲಿಟ್ಟುಕೊಂಡು ನರಳಿದವನು. ಕೊನೆಗೂ ಒಂದು 'ಬೇಕು' ನನ್ನಿಂದ ಸರಿಯಾದ ಕಣ್ಣಿಗೆ ತಲುಪಿತು. ನನ್ನಂಥ ಬರಿಯ ಹಲಗೆಗೆ ಇನ್ನೇನು ಬೇಕು?

ಶ್ರೀಕಂಠಯ್ಯ ನನ್ನನ್ನು ಎತ್ತಿಕೊಂಡು ಎದ್ದರು. ಹಾಲಿಗೆ ಹೋಗಿ, ಹಿಂದೆ ಮೊದಲ ಮೆಷಿನ್ ಇರುತ್ತಿದ್ದ ಕಿಟಕಿಯ ಪಕ್ಕ ಒಂದು ಮೇಜು ಎಳೆದು, ಅದರ ಮೇಲೆ ನನ್ನನ್ನು ಇಟ್ಟರು. ಎರಡು ಕುರ್ಚಿ ತಂದು ಹಾಕಿದರು. ಹಿಂದೆಯೇ ಬಂದ ಸುಗುಣಮ್ಮ ಒಂದರಲ್ಲಿ ಕೂತು, ಇನ್ನೊಂದನ್ನು ತಮ್ಮನಿಗೆ ತೋರಿಸಿದರು.

"ಕೂತ್ಕೋ. ಬೆನ್ನು ನೆಟ್ಟಗಿರ್ಲಿ, ತಲೆ ಎತ್ತು," ಎಂದರು. "ಬೆರಳು ಇಡು."