ಕರಿಹಳ್ಳದ ಬಳಿ ನಲವತ್ನಾಲ್ಕು

ನಾನು ಸೈಕಲ್ಲಿನ ಹ್ಯಾಂಡಲ್ ಮೇಲೆ ಕೂರುವ ಒಂದು ಪುಟ್ಟ ಕಂಪ್ಯೂಟರ್. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಗಾತ್ರ, ಕೋಳಿಮೊಟ್ಟೆಗಿಂತ ತುಸು ಹೆಚ್ಚು ತೂಕ. ನನ್ನ ಮೊದಲ ನೆನಪು ನೀರಿನದು. ಕಡಲಾಚೆಯ ಒಂದು ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿ ಮುಗಿಸಿದ ಮರುದಿನವೇ ಒಂದು ಮೀಟರ್ ಆಳದ ತೊಟ್ಟಿಯಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರು. ಆಮೇಲೆ ಹಿಟ್ಟಿನಂಥ ಧೂಳು ಹಾರುವ ಪೆಟ್ಟಿಗೆಯಲ್ಲಿ, ಆಮೇಲೆ ಒಲೆಯಂಥ ಬಿಸಿಯಲ್ಲಿ, ಕೊನೆಗೆ ಮಂಜುಗಡ್ಡೆಯ ಚಳಿಯಲ್ಲಿ ಇಟ್ಟರು. ಪ್ರತಿ ಸಲ ಹೊರತೆಗೆದಾಗಲೂ ಒಂದೇ ಪ್ರಶ್ನೆ: ಗಂಟೆ ಎಷ್ಟು? ನಾನು ಸರಿಯಾಗಿ ಹೇಳಿದೆ. ಹೇಳಲಾರದವುಗಳನ್ನು ಪಕ್ಕದ ತಟ್ಟೆಗೆ ಹಾಕುತ್ತಿದ್ದರು. ಆ ತಟ್ಟೆಯಲ್ಲಿ ಕೆಲವು ಇನ್ನೂ ಮಿನುಗುತ್ತಿದ್ದವು.

ನನಗೆ ತಿಳಿಯುವುದು ಕೆಲವೇ ಸಂಗತಿಗಳು. ಚಕ್ರ ಎಷ್ಟು ಸುತ್ತಿತು, ಎಷ್ಟು ದೂರ ಬಂದೆವು, ಎಷ್ಟು ಹೊತ್ತಾಯಿತು. ಜೊತೆಗೆ ಇನ್ನೊಂದು. ಸವಾರರು ಎದೆಗೆ ಕಟ್ಟಿಕೊಳ್ಳುವ ಪಟ್ಟಿಯ ನಡುವೆ ಒಂದು ಬಿಲ್ಲೆ ಇರುತ್ತದೆ. ಅದು ಹೃದಯದ ಬಡಿತವನ್ನು ಎಣಿಸಿ ಗಾಳಿಯಲ್ಲೇ ನನಗೆ ಕಳಿಸುತ್ತದೆ. ಪ್ರತಿ ಬಿಲ್ಲೆಗೂ ಅದರದೇ ಗುರುತಿನ ಸಂಖ್ಯೆ. ನನಗೆ ಆರಿಸಿಕೊಟ್ಟ ಬಿಲ್ಲೆಯೊಂದನ್ನೇ ನಾನು ಕೇಳಿಸಿಕೊಳ್ಳುತ್ತೇನೆ. ಅದು ಇಪ್ಪತ್ತು ಮೀಟರಿಗಿಂತ ದೂರವಾದರೆ ಅಂಕಿಯನ್ನು ಅಳಿಸಿ ಎರಡು ಗೆರೆ ತೋರಿಸುತ್ತೇನೆ.

ವಿಜಯಪುರದ ಒಂದು ಸೈಕಲ್ ಅಂಗಡಿಯ ಗಾಜಿನ ಕಪಾಟಿನಲ್ಲಿ ಎರಡು ತಿಂಗಳು ಕುಳಿತೆ. ಪಕ್ಕದಲ್ಲೇ ಬಣ್ಣದ ಪರದೆಯ ಇನ್ನೊಂದು ಕಂಪ್ಯೂಟರ್ ಇತ್ತು. ಬಂದವರೆಲ್ಲ ಅದನ್ನೇ ನೋಡುತ್ತಿದ್ದರು. ನನ್ನದು ಬೂದುಬಣ್ಣದ ಪರದೆ, ಬದಿಯಲ್ಲಿ ನಾಲ್ಕು ಗುಂಡಿ.

ಒಂದು ಮಧ್ಯಾಹ್ನ ಜಮಾದಾರ ಸರ್ ಬಂದರು. ಒಂದು ಕಾಲಕ್ಕೆ ರಾಜ್ಯದ ಪರವಾಗಿ ಸೈಕಲ್ ತುಳಿದವರು. ಈಗ ಊರ ಹೊರಗಿನ ತರಬೇತಿ ಕೇಂದ್ರದಲ್ಲಿ ಹುಡುಗಿಯರಿಗೆ ಕಲಿಸುತ್ತಿದ್ದರು. ಅವರ ಹಿಂದೆ ಹತ್ತೊಂಬತ್ತರ ಪ್ರಾಯದ ಇಬ್ಬರು ಹುಡುಗಿಯರು ನಿಂತಿದ್ದರು, ಕಸ್ತೂರಿ ಮತ್ತು ಶಿವಲೀಲಾ.

"ಇದು ತಗೋರಿ ಸರ್, ಮೊಬೈಲ್ ಇದ್ದಂಗ ಐತಿ. ಬೆರಳಲೇ ಸರಿಸಿದ್ರ ಆತು," ಎಂದು ಅಂಗಡಿಯವರು ಬಣ್ಣದ್ದನ್ನು ಮುಂದಿಟ್ಟರು.

"ಮಳ್ಯಾಗ?"

"ಮಳ್ಯಾಗ ಯಾರ ಸೈಕಲ್ ಹೊಡಿತಾರ್ರಿ?"

"ನಮ್ಮ ಹುಡುಗ್ಯಾರು. ಒಂದ್ ಬಕೆಟ್ ನೀರು ಕೊಡ್ರಿ."

"ಸರ್, ಇದನ್ನ ಸೈಕಲ್ಲಿಗೆ ಕಟ್ಟತೀರೋ, ಮೀನಿನ ಕೊಳ್ಳಾಗ ಕಟ್ಟತೀರೋ?"

ಹುಡುಗಿಯರು ನಕ್ಕರು. ಸರ್ ನಗಲಿಲ್ಲ. ಬಣ್ಣದ ಪರದೆಯ ಮೇಲೆ ನೀರು ಚಿಮುಕಿಸಿದರು. ಪ್ರತಿ ಹನಿಯನ್ನೂ ಬೆರಳೆಂದು ತಿಳಿದು ಅದು ತನ್ನಷ್ಟಕ್ಕೆ ಪುಟ ಮಗುಚತೊಡಗಿತು. ನನ್ನನ್ನು ಬಕೆಟ್ಟಿನ ತಳಕ್ಕೆ ಬಿಟ್ಟು ಅರ್ಧ ಗಂಟೆ ಗಡಿಯಾರ ನೋಡುತ್ತ ಕುಳಿತರು. ತೆಗೆದು, ಕಸ್ತೂರಿಗೆ ಒದ್ದೆ ಕೈಗವಸು ತೊಡಿಸಿ ಗುಂಡಿಗಳನ್ನು ಒತ್ತಿಸಿದರು. ಬಿಸಿಲಿಗೆ ಒಯ್ದು, ಕಪ್ಪು ಕನ್ನಡಕ ಹಾಕಿಕೊಂಡು ಅಂಕಿ ಓದಿದರು. ಒಮ್ಮೆ ತುಂಬಿಸಿದರೆ ಬ್ಯಾಟರಿ ಎಷ್ಟು ತಾಸು ಬರುತ್ತದೆ, ಹ್ಯಾಂಡಲ್ಲಿಗೆ ಕೂರಿಸುವ ಹಿಡಿಕೆ ಮುರಿದರೆ ಬೇರೆ ಸಿಗುತ್ತದೆಯೇ ಎಂದು ಕೇಳಿ ಚೀಟಿಯಲ್ಲಿ ಬರೆದುಕೊಂಡರು.

"ಚಂದ ಇಲ್ಲ ಸರ್ ಇದು," ಎಂದಳು ಶಿವಲೀಲಾ.

"ಚಂದ ನಿನ್ನ ಮಾರಿ ಮ್ಯಾಲೆ ಐತಲ್ಲವಾ, ಸಾಕು. ಇದು ಸುಳ್ಳು ಹೇಳಬಾರದು, ಅಷ್ಟ."

ಇಬ್ಬರಿಗೆ ನಾನೊಬ್ಬನೇ. ಆದರೆ ಬಿಲ್ಲೆಗಳು ಎರಡು, ಒಬ್ಬೊಬ್ಬರಿಗೆ ಒಂದೊಂದು. ಮುಂದೆ ಹೋಗುವವಳ ಹ್ಯಾಂಡಲ್ ಮೇಲೆ ನಾನು ಕೂರಬೇಕು, ಹಿಂದೆ ಬರುವವಳ ಬಿಲ್ಲೆಯನ್ನು ನನಗೆ ಆರಿಸಿಕೊಡಬೇಕು. ಇದು ಸರ್ ತಾವೇ ಮಾಡಿದ ಪದ್ಧತಿ. ಬೇರೆ ಎಲ್ಲೂ ಹೀಗಿಲ್ಲವೆಂದು ಆಮೇಲೆ ತಿಳಿಯಿತು.

"ತನ್ನ ಎದಿ ತನಗ ಗೊತ್ತಿರತೈತಿ, ಅದಕ್ಕ ಮಷೀನ್ ಬೇಕಿಲ್ಲ," ಎನ್ನುತ್ತಿದ್ದರು ಅವರು. "ಹಿಂದಿನಾಕಿ ಎದಿ ಮುಂದಿನಾಕಿಗೆ ಕಾಣಬೇಕು. ನೂರಾ ಎಂಬತ್ತು ದಾಟಿದ್ರ ನಿಧಾನ ಮಾಡ್ರಿ. ಎರಡು ಗೆರೆ ಬಂದ್ರ ನಿಂದ್ರಬೇಕು, ಹೊಳ್ಳಿ ಹೋಗಬೇಕು."

ಹೀಗಾಗಿ ಕಸ್ತೂರಿಯ ಮುಂದೆ ಕುಳಿತು ನಾನು ಶಿವಲೀಲಾಳ ಎದೆಯನ್ನು ಕೇಳಿದೆ, ಶಿವಲೀಲಾಳ ಮುಂದೆ ಕುಳಿತು ಕಸ್ತೂರಿಯದನ್ನು. ಬಹುಪಾಲು ಮುಂದಿರುತ್ತಿದ್ದವಳು ಕಸ್ತೂರಿ.

"ಲೇ ಕಸ್ತೂರಿ, ನನ್ನ ಎದಿ ಎಷ್ಟೈತಿ?"

"ನೂರಾ ಎಪ್ಪತ್ತು. ಯಾರನ್ನ ನೆನಸಾಕತ್ತಿ?"

"ನಿಮ್ಮಣ್ಣನ್ನ."

ಏಪ್ರಿಲ್ಲಿನಲ್ಲಿ ಡಾಂಬರು ಮೆತ್ತಗಾಗಿ ಚಕ್ರಕ್ಕೆ ಅಂಟುವ ಬಿಸಿಲು. ಜೋಳದ ರಾಶಿಯ ದಿನಗಳಲ್ಲಿ ಗಾಳಿ ತುಂಬ ಹೊಟ್ಟು. ಡಿಸೆಂಬರಿನ ಒಂದೆರಡು ಬೆಳಿಗ್ಗೆ, ಮುಂದಿನ ಚಕ್ರವೂ ಕಾಣದಂಥ ಮಂಜು. ಆ ಮಂಜಿನಲ್ಲಿ ಹಿಂದಿದ್ದವಳ ಅಂಕಿ ಮಾತ್ರ ನನ್ನ ಮೇಲೆ ಏರುತ್ತ ಇಳಿಯುತ್ತ ಇರುತ್ತಿತ್ತು. ಹದಿಮೂರು ತಿಂಗಳಲ್ಲಿ ನಾನು ಒಮ್ಮೆಯೂ ತಪ್ಪು ಹೇಳಲಿಲ್ಲ.

ಆ ವರ್ಷ ರಾಜ್ಯ ತಂಡದಲ್ಲಿ ಒಂದು ಸ್ಥಾನ ಮಾತ್ರ ಉಳಿದಿತ್ತು. ಅದು ಈ ಇಬ್ಬರಲ್ಲಿ ಒಬ್ಬಳಿಗೆ. ಇಬ್ಬರಿಗೂ ಅದು ಗೊತ್ತಿತ್ತು, ಅದರ ಬಗ್ಗೆ ಮಾತಾಡುತ್ತಿರಲಿಲ್ಲ.

ಸೆಪ್ಟೆಂಬರಿನ ಒಂದು ಭಾನುವಾರ ಬೆಳಿಗ್ಗೆ ಅರವತ್ತು ಕಿಲೋಮೀಟರಿನ ಅಭ್ಯಾಸ. ಹದಿನೈದನೆಯ ಕಿಲೋಮೀಟರಿನಿಂದ ಜಡಿಮಳೆ ಶುರುವಾಯಿತು. ಕಸ್ತೂರಿ ಮುಂದೆ, ಶಿವಲೀಲಾ ಹಿಂದೆ. ಮೂವತ್ತೊಂದನೆಯ ಕಿಲೋಮೀಟರಿನಲ್ಲಿ ಕರಿಹಳ್ಳ ಎಂಬ ತೊರೆಗೆ ಕಟ್ಟಿದ ಸಣ್ಣ ಸೇತುವೆ ಇದೆ, ಅದಕ್ಕೆ ತಡೆಗೋಡೆ ಇಲ್ಲ. ಅದನ್ನು ದಾಟುವಾಗ ನನ್ನ ಮೇಲೆ ನೂರಾ ಎಪ್ಪತ್ನಾಲ್ಕು ಇತ್ತು. ಆಮೇಲೆ ಎರಡು ಗೆರೆ.

ಕಸ್ತೂರಿ ನೋಡಿದಳು. ನನ್ನ ಮುಂದೆ ಅವಳ ಮುಖ ಎಷ್ಟು ಹತ್ತಿರ ಇತ್ತೆಂದರೆ, ಅವಳ ಮೂಗಿನ ತುದಿಯ ನೀರು ನನ್ನ ಮೇಲೆ ಬೀಳುತ್ತಿತ್ತು. ಹಿಂದಿನವಳು ಸೋತು ಹಿಂದುಳಿದಳು ಎಂದುಕೊಂಡಿರಬೇಕು. ನಾಲ್ಕು ಸೆಕೆಂಡು ಗೆರೆಗಳನ್ನು ನೋಡಿ, ಬಲಬದಿಯ ಗುಂಡಿ ಒತ್ತಿ ಬೇರೆ ಪುಟಕ್ಕೆ ಹೋದಳು. ಅಲ್ಲಿ ವೇಗ ಮಾತ್ರ ಕಾಣುತ್ತದೆ. ಅಲ್ಲಿಯವರೆಗೆ ತಾಸಿಗೆ ಮೂವತ್ತೊಂದು ಇದ್ದ ವೇಗ ಮೂವತ್ನಾಲ್ಕಕ್ಕೆ ಏರಿತು.

ಹನ್ನೊಂದು ಕಿಲೋಮೀಟರ್ ಮುಂದೆ ಹೋಗಿ ಒಂದು ಚಹಾದಂಗಡಿಯಲ್ಲಿ ನಿಂತಳು. ಕಾದಳು. ಅಷ್ಟರಲ್ಲಿ ಕಬ್ಬಿನ ಗದ್ದೆಗೆ ಹೊರಟ ಟ್ರ್ಯಾಕ್ಟರಿನವರು ಸೇತುವೆಯ ಕೆಳಗೆ ಸೈಕಲ್ ನೋಡಿದ್ದರು. ಶಿವಲೀಲಾ ಉಳಿಯಲಿಲ್ಲ. ತುಸು ಮೊದಲು ತಂದಿದ್ದರೆ ಎಂದು ಆಸ್ಪತ್ರೆಯಲ್ಲಿ ವೈದ್ಯರು ಅಂದರಂತೆ. ಎದೆಯ ಪಟ್ಟಿಯನ್ನು ಶಿವಲೀಲಾಳ ತಾಯಿಯ ಕೈಗೆ ಕೊಟ್ಟರು. ಬಿಲ್ಲೆ ಅದರಲ್ಲಿರಲಿಲ್ಲ.

"ಮಷೀನ್ ಕೈಕೊಟ್ತು ಸರ್," ಎಂದಳು ಕಸ್ತೂರಿ. "ಮಳಿಗೆ ಸುರುವಿನಿಂದಾನ ಎರಡು ಗೆರೆ ತೋರಸಾಕತ್ತಿತ್ತು. ಕೆಟ್ಟೈತಿ ಅಂತ ತಿಳಕೊಂಡೆ."

ಎಲ್ಲರೂ ನಂಬಿದರು. ಸರ್ ನನ್ನನ್ನು ತಮ್ಮ ಕೋಣೆಗೆ ಒಯ್ದು ಬಕೆಟ್ಟಿಗೆ ಹಾಕಿದರು. ಅರ್ಧ ಗಂಟೆಯಲ್ಲ, ಮೂರು ಗಂಟೆ. ಆಮೇಲೆ ನನ್ನೊಳಗಿನ ದಾಖಲೆಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಓದಿದರು. ಮೂವತ್ತು ಕಿಲೋಮೀಟರಿನ ಬಡಿತಗಳು ಒಂದೂ ಬಿಡದಂತೆ ಇದ್ದವು. ಅವು ನಿಂತ ಜಾಗದಿಂದ ವೇಗದ ಗೆರೆ ಮೇಲೇರಿತ್ತು. ಮರುದಿನ ನನ್ನನ್ನು ತಂದು ಕಸ್ತೂರಿಯ ಹ್ಯಾಂಡಲ್ಲಿಗೆ ಕೂರಿಸಿದರು.

"ಮಷೀನ್ ಚಲೋ ಐತಿ. ಇಟ್ಕೋ."

ಅಷ್ಟೇ ಹೇಳಿದರು. ತಂಡದ ಸ್ಥಾನ ಕಸ್ತೂರಿಗೆ ಬಂತು.

ಅವಳು ಒಬ್ಬಳೇ ಅಭ್ಯಾಸಕ್ಕೆ ಹೊರಟಳು. ತನ್ನ ಬಿಲ್ಲೆಯನ್ನು ನನಗೆ ಆರಿಸಿಕೊಡಬಹುದಿತ್ತು, ಆದರೆ ನನ್ನೊಳಗಿನ ಬಿಲ್ಲೆಗಳ ಯಾದಿಯನ್ನು ತೆರೆದರೆ ಶಿವಲೀಲಾಳ ಹೆಸರು ಕಾಣುತ್ತದೆ. ತೆರೆಯಲಿಲ್ಲ. ದಿನವೂ ಎರಡು ಗೆರೆ ಹೊತ್ತುಕೊಂಡು ತಿರುಗಿದೆ.

ಮೂರು ವಾರ ಕಳೆದ ಮೇಲೆ, ತುಂತುರು ಮಳೆಯ ಒಂದು ಬೆಳಿಗ್ಗೆ ಕರಿಹಳ್ಳದ ಸೇತುವೆಗೆ ಬಂದಾಗ ನನ್ನ ಮೇಲೆ ನಲವತ್ನಾಲ್ಕು ಎಂಬ ಅಂಕಿ ಮೂಡಿತು.

ಕಸ್ತೂರಿ ಬ್ರೇಕ್ ಹಿಡಿದು ಕಾಲೂರಿದಳು. ಸುತ್ತ ಯಾರೂ ಇಲ್ಲ. ತೊಗರಿ ಹೊಲ, ಜಾಲಿಗಿಡ, ಕೆಳಗೆ ಸಣ್ಣಗೆ ಹರಿಯುವ ಹಳ್ಳ. ಸೈಕಲ್ ನೂಕಿಕೊಂಡು ಮುಂದೆ ಹೋದಳು, ಎರಡು ಗೆರೆ. ಹಿಂದೆ ಬಂದಳು, ನಲವತ್ನಾಲ್ಕು.

ತರಬೇತಿ ಕೇಂದ್ರದಲ್ಲಿ ಹುಡುಗಿಯರು ಬೆಳಿಗ್ಗೆ ಎದ್ದೊಡನೆ ನಾಡಿ ಎಣಿಸಿ ಒಂದು ಪುಸ್ತಕದಲ್ಲಿ ಬರೆಯಬೇಕು. ಶಿವಲೀಲಾಳ ಸಾಲಿನಲ್ಲಿ ಒಂದು ವರ್ಷದುದ್ದಕ್ಕೂ ನಲವತ್ನಾಲ್ಕು, ನಲವತ್ತೈದು, ನಲವತ್ನಾಲ್ಕು ಎಂದಿದೆ. ಮಲಗಿದ್ದಾಗಿನ ಅವಳ ಎದೆ ಅದು.

ಆಮೇಲೆ ಅದು ನಿಲ್ಲಲಿಲ್ಲ. ಸೇತುವೆಗೆ ಇಪ್ಪತ್ತು ಮೀಟರ್ ಇರುವಾಗ ಮೂಡುವುದು, ಅಷ್ಟೇ ದೂರ ದಾಟಿದಾಗ ಅಳಿಸುವುದು. ನೆಲ ಒಣಗಿದ ದಿನ ಬರುತ್ತಿರಲಿಲ್ಲ, ತೇವದ ದಿನ ತಪ್ಪುತ್ತಿರಲಿಲ್ಲ. ನಾನು ಕೇಳಿಸಿಕೊಂಡದ್ದನ್ನು ತೋರಿಸಿದೆ. ಗುರುತಿನ ಸಂಖ್ಯೆ ಶಿವಲೀಲಾಳದೇ ಬಿಲ್ಲೆಯದು. ಅದಕ್ಕಿಂತ ಹೆಚ್ಚು ತಿಳಿಯುವ ಶಕ್ತಿ ನನಗೆ ಕೊಟ್ಟಿಲ್ಲ. ಕಸ್ತೂರಿ ಬೇರೆ ರಸ್ತೆ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಅಲ್ಲಿ ಬಂದಾಗ ಅವಳು ತುಳಿಯುವುದನ್ನು ನಿಲ್ಲಿಸುತ್ತಿದ್ದಳು. ಸೈಕಲ್ ತಾನಾಗಿ ಸದ್ದಿಲ್ಲದೆ ಉರುಳುತ್ತಿತ್ತು, ಮಲಗಿದವರ ಪಕ್ಕ ನಡೆದುಹೋಗುವಂತೆ.

ಅಕ್ಟೋಬರಿನ ಕೊನೆಯಲ್ಲಿ ದೊಡ್ಡ ಮಳೆ ಬಂತು. ಹಳ್ಳ ಕೆಂಪಾಗಿ ಉಕ್ಕುತ್ತಿತ್ತು. ಆ ದಿನ ಅಂಕಿ ನಲವತ್ನಾಲ್ಕಿರಲಿಲ್ಲ. ತೊಂಬತ್ತು, ನೂರಾ ಮೂವತ್ತು ಎಂದು ಏರಿ ನೂರಾ ಎಪ್ಪತ್ನಾಲ್ಕಕ್ಕೆ ನಿಂತಿತು.

ಕಸ್ತೂರಿ ಅಲ್ಲಿಂದಲೇ ಹೊಳ್ಳಿ ಬಂದ ದಾರಿ ಹಿಡಿದಳು. ನೆನೆದ ಬಟ್ಟೆಯಲ್ಲೇ ಸರ್ ಕೋಣೆಗೆ ಹೋಗಿ ನನ್ನನ್ನು ಮೇಜಿನ ಮೇಲಿಟ್ಟಳು. ಎಲ್ಲವನ್ನೂ ಕೇಳಿ ಅವರು ಹೇಳಿದರು:

"ಬಿಲ್ಲೆ ಅಲ್ಲೇ ಎಲ್ಲೋ ದಂಡ್ಯಾಗ, ಬೇರಿಗೆ ಸಿಕ್ಕೊಂಡೈತಿ. ತೇವ ತಗಲಿದ್ರ ಅದು ಎಚ್ಚರಾಗತೈತಿ. ಮೈ ಅಂತ ತಿಳಕೊಂಡು ನೀರು ಎಣಸತೈತಿ. ಅದರ ಶೆಲ್ ಒಂದು ವರ್ಷ ಬರತೈತಿ."

"ನಲವತ್ನಾಲ್ಕ ಯಾಕ್ರಿ? ಇವತ್ತ ನೂರಾ ಎಪ್ಪತ್ನಾಲ್ಕ ಯಾಕ?"

ಅವರು ಬಿ.ಎಸ್ಸಿ. ಓದಿದವರು. ಉತ್ತರ ಗೊತ್ತಿಲ್ಲದಾಗ ಉತ್ತರ ಹೇಳುತ್ತಿರಲಿಲ್ಲ.

"ಸರ್, ಗೆರಿ ನಾ ನೋಡಿದ್ದೆ."

"ಗೊತ್ತೈತಿ."

"ಮತ್ತ ಯಾಕ ಕೇಳಲಿಲ್ರಿ?"

"ಕೇಳಿದ್ರ ನನ್ನ ಮುಂದ ಹೇಳತಿದ್ದಿ. ಹೇಳಬೇಕಾದ್ದು ನನ್ನ ಮುಂದಲ್ಲವಾ."

ಶಿವಲೀಲಾಳ ತಾಯಿ ಶಾಂತಾಬಾಯಿ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವವರು, ಅದರ ಹಿಂದಿನ ಕೋಣೆಯಲ್ಲೇ ಅವರ ವಾಸ. ಕಸ್ತೂರಿ ನನ್ನನ್ನು ಮುಷ್ಟಿಯಲ್ಲಿ ಹಿಡಿದು ಒಲೆಯ ಪಕ್ಕ ಕುಳಿತಳು. ಗೆರೆ ನೋಡಿದ್ದು, ಗುಂಡಿ ಒತ್ತಿದ್ದು, ಜೋರಾಗಿ ತುಳಿದದ್ದು, ಸೇತುವೆಯ ಬಳಿ ಅಂಕಿ ಮೂಡುವುದು, ಒಂದೂ ಬಿಡದೆ ಹೇಳಿದಳು. ಶಾಂತಾಬಾಯಿ ಕೈ ನಿಲ್ಲಿಸಲಿಲ್ಲ. ಬಡಿಯುತ್ತಿದ್ದ ರೊಟ್ಟಿಯನ್ನು ಹೆಂಚಿಗೆ ಹಾಕಿ, ನೀರು ಸವರಿ, ಮಗುಚಿ, ತೆಗೆದರು. ಆಮೇಲೆ ಕೇಳಿದರು.

"ಎಷ್ಟು ದೂರ ಹೋಗಿದ್ದಿ?"

"ಹನ್ನೊಂದು ಕಿಲೋಮೀಟರ್ ರಿ."

"ಹೊಳ್ಳಿ ನೋಡಲಿಲ್ಲ."

"ಇಲ್ರಿ."

ಒಲೆಯಲ್ಲಿ ಇನ್ನೊಂದು ಕಟ್ಟಿಗೆ ಸರಿಸಿದರು. "ಅಲ್ಲೆ ಅಂಕಿ ಬರತೈತಿ ಅಂದ್ಯಲ್ಲ. ನನ್ನ ಕರಕೊಂಡು ನಡಿ."

ಮರುದಿನ ಟಂಟಂ ರಿಕ್ಷಾ ಮಾಡಿಕೊಂಡು ಇಬ್ಬರೂ ಹೋದರು. ಮಳೆ ನಿಂತಿತ್ತು, ಹಳ್ಳ ಇಳಿದಿತ್ತು. ಸೇತುವೆಯ ಅಂಚಿನಲ್ಲಿ ಶಾಂತಾಬಾಯಿ ನನ್ನನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡರು. ಆ ಅಂಗೈಗಳು ಬಿಸಿಯಾಗಿದ್ದವು, ಒರಟಾಗಿದ್ದವು. ನಾನು ಹುಡುಕಿದೆ. ಸಿಕ್ಕಿತು. ನಲವತ್ನಾಲ್ಕು.

ಅಂಕಿಯ ಮೇಲೆ ಹೆಬ್ಬೆರಳಿಟ್ಟು, ಮಗುವಿನ ಹಣೆ ಮುಟ್ಟಿ ನೋಡುವಂತೆ ನೋಡಿದರು.

"ಇದು ಅಕಿದ ಏನವಾ?"

ಹೌದು ಎಂದರೆ ಸಾಕಿತ್ತು. ಕೇಳಿದವರಿಗೆ ಅದೇ ಬೇಕಾಗಿತ್ತು ಎಂದು ನನಗೂ ಅನ್ನಿಸಿತು. ಹೇಳುವವಳಿಗೂ ಅದರಿಂದ ಒಂದು ದಾರಿ ಸಿಗುತ್ತಿತ್ತು. ಕಸ್ತೂರಿ ಹಳ್ಳದ ಕಡೆ ಕೈ ತೋರಿಸಿದಳು.

"ಅಲ್ರಿ ಅವ್ವಾರ. ನೀರು ಇದು."

ಶಾಂತಾಬಾಯಿ ತಲೆಯಾಡಿಸಿದರು. "ಅಕಿ ಎದಿ ನಾ ಹೊಟ್ಟ್ಯಾಗ ಇಟಗೊಂಡು ಕೇಳೇನಿ. ಇಷ್ಟು ನಿಧಾನ ಇರಲಿಲ್ಲ ಅದು," ಎಂದರು. ನನ್ನನ್ನು ಸೆರಗಿನಲ್ಲಿ ಒರೆಸಿ, "ಇದನ್ನ ನನ್ನ ಕಡೆ ಬಿಡು," ಎಂದರು. ಕ್ಷಮಿಸಿದೆ ಎನ್ನಲಿಲ್ಲ, ಶಪಿಸಲೂ ಇಲ್ಲ. ಕಸ್ತೂರಿ ತಂಡದಿಂದ ತನ್ನ ಹೆಸರು ತೆಗೆಸಿದಳು. ಈಗ ಅದೇ ಕೇಂದ್ರದಲ್ಲಿ ಚಿಕ್ಕ ಹುಡುಗಿಯರ ಹಿಂದೆ, ಎಲ್ಲರಿಗಿಂತ ಕೊನೆಯವಳಾಗಿ ಸೈಕಲ್ ತುಳಿಯುತ್ತಾಳಂತೆ.

ನಾನು ಈಗ ಶಾಂತಾಬಾಯಿಯ ಕೋಣೆಯ ಗೋಡೆಯ ಮಾಡದಲ್ಲಿ, ಜೋಳದ ಹಿಟ್ಟಿನ ಡಬ್ಬಿಯ ಪಕ್ಕ ಇದ್ದೇನೆ. ಪರದೆಯ ಒಂದು ಮೂಲೆ ಕಪ್ಪಾಗಿದೆ. ಬ್ಯಾಟರಿ ಮೊದಲಿನ ಅರ್ಧದಷ್ಟೂ ಬರುವುದಿಲ್ಲ. ಎರಡು ಮಳೆಗಾಲ ಕಳೆದಿವೆ, ಲೆಕ್ಕದ ಪ್ರಕಾರ ಆ ಬಿಲ್ಲೆಯ ಶೆಲ್ ಹೋದ ವರ್ಷವೇ ಮುಗಿದಿರಬೇಕು. ಕರಿಹಳ್ಳವೋ ಇಲ್ಲಿಂದ ಮೂವತ್ತೊಂದು ಕಿಲೋಮೀಟರ್, ನನ್ನ ಕಿವಿಯೋ ಇಪ್ಪತ್ತು ಮೀಟರ್. ನನ್ನನ್ನು ಮಾಡಿದವರು ದೂರ ಇದ್ದಾಳೆ ಎನ್ನಲು, ಕೇಳಿಸುತ್ತಿಲ್ಲ ಎನ್ನಲು, ಇನ್ನಿಲ್ಲ ಎನ್ನಲು ಬೇರೆ ಬೇರೆ ಗುರುತು ಕೊಡಲಿಲ್ಲ. ಮೂರಕ್ಕೂ ಅವೇ ಎರಡು ಗೆರೆ.

ಶಾಂತಾಬಾಯಿಗೆ ಇದೆಲ್ಲ ಗೊತ್ತು. ಆದರೂ ಮಳೆ ಬಂದ ದಿನ ಕೈಯ ಹಿಟ್ಟು ಒರೆಸಿಕೊಂಡು ನನ್ನನ್ನು ಎಬ್ಬಿಸುತ್ತಾರೆ, ಕಿಟಕಿಯಲ್ಲಿಡುತ್ತಾರೆ, ಹಿಂದೆ ನಿಂತುಕೊಳ್ಳುತ್ತಾರೆ. ನಾನು ಅವಳ ಸಂಖ್ಯೆಯನ್ನು ಕರೆಯುತ್ತೇನೆ. ಇಬ್ಬರೂ ಕಾಯುತ್ತೇವೆ.