ಬಿಸಿಲಿಗೆ ಬಂದ ಜಡೆ

ಸಾವಂತ್ರೆವ್ವನ ಸಂಶಯದ ಸ್ವಭಾವ ಊರಿಗೆಲ್ಲ ಗೊತ್ತು. ಬೆಕ್ಕು ಹಾಲು ಚೆಲ್ಲಿದರೂ ಆಕೆಯ ಗುಮಾನಿ ಅತ್ತೆ ಕರೆವ್ವನ ಮೇಲೆಯೇ. ಆದರೆ ಈ ಸಲ ಸಂಶಯಕ್ಕೆ ಕಾರಣವಿತ್ತು, ಸುಳ್ಳು ಯಾಕೆ ಹೇಳಲಿ.

ಮಗಳು ಯಶೋಧಾ ಪೊಲೀಸ್ ಭರತಿಗೆಂದು ಓಡುವ ರೂಢಿ ಮಾಡುತ್ತಿದ್ದಳು. ನವಿಲುತೀರ್ಥದ ಕಾಲುವೆ ದಂಡೆಯ ಮೇಲೆ, ಅದೂ ಸುಡುಬಿಸಿಲಲ್ಲಿ, ಬರಿದಲೆಯಲ್ಲಿ. ಯಾಕೆ ಅಂದರೆ, "ಪರೀಕ್ಷಾ ಏನ ಬೆಳದಿಂಗಳಾಗ ಇಡತಾರೇನು?" ಅನ್ನುವಳು. ನೆತ್ತಿ ಸುಟ್ಟು ಬೈತಲೆಯಗುಂಟ ಸಿಪ್ಪೆ ಏಳುತ್ತಿತ್ತು. ಮಾರುದ್ದದ ಕೂದಲು ಗೋವಿನಜೋಳದ ಜುಟ್ಟಿನಂತೆ ಕೆಂಪಾಗಿ ಒರಟಾಗಿತ್ತು.

ಇತ್ತ ರಾಮದುರ್ಗದ ತಾಯವ್ವ ತನ್ನ ಮಗನಿಗೆ ಹೆಣ್ಣು ನೋಡಲು ಬರುವವಳಿದ್ದಳು. ಅಷ್ಟರೊಳಗೆ ಈ ತಲೆ ನೆಟ್ಟಗಾಗಬೇಕಲ್ಲ! ಸಾವಂತ್ರೆವ್ವ ಮೆಂತ್ಯ ಅರೆದು ಮಜ್ಜಿಗೆಯಲ್ಲಿ ಕಲಸಿ ನೆತ್ತಿಗೆ ಹಚ್ಚಿದಳು, ಕೊಬ್ಬರಿ ಎಣ್ಣೆ ತಿಕ್ಕಿದಳು, ಯರಗಟ್ಟಿ ಸಂತೆಯಿಂದ ಓಢಣಿ ತಂದು ತಲೆಗೆ ಸುತ್ತಿದಳು.

"ಯವ್ವಾ, ನಾ ಈಗ ಮದವಿ ಒಲ್ಲೆ," ಅಂದಳು ಯಶೋಧಾ.

"ಬರೇ ನೋಡಿ ಹೋಗತಾರ. ನೋಡಿದ್ರ ಏನ ಸವದ ಹೋಗತೀ? ಅಲ್ಲಾಡಬ್ಯಾಡ, ಎಣ್ಣಿ ಕಣ್ಣಾಗ ಹೋಗತೈತಿ."

ಆಗಲೇ ಹಿಂದಲೆಯಲ್ಲೊಂದು ಗಂಟು ಕೈಗೆ ಸಿಕ್ಕಿತು. ಎಣ್ಣೆ ಹಾಕಿದರೂ ಬಿಡಲಿಲ್ಲ. ಮರುದಿನ ಇನ್ನಷ್ಟು ಬಿಗಿದಿತ್ತು. ಕರೆವ್ವ ಓಡಿ ಬಂದು ಅದಕ್ಕೆ ದೇವಿಯ ಅರಿಷಿಣ, ಭಂಡಾರ ಹಚ್ಚಿ, ಮೊಮ್ಮಗಳಿಗೆ ಕೈಮುಗಿದಳು.

"ಎಲ್ಲವ್ವ ಒಲದಾಳ. ಜಡಿ ಬಂದೈತಿ. ಹಣಿಗಿ ಮುಟ್ಟಸಬ್ಯಾಡ."

ಎಲ್ಲವ್ವನ ಸವದತ್ತಿ ಗುಡ್ಡ ಕಾಣುವ ಊರಲ್ಲಿ ಇದನ್ನು ನಕ್ಕು ತಳ್ಳುವ ಹಾಗಿಲ್ಲ. ಹೀಗೆ ಕೂದಲು ಗಂಟುಗಟ್ಟಿ ಜಡೆ ಬಂದವಳು ದೇವಿಯ ಪಾಲು, ಆಕೆಗೆ ಕತ್ತರಿಯೂ ಇಲ್ಲ, ಮದುವೆಯೂ ಇಲ್ಲ ಎಂದು ಹಳಬರ ಮಾತು. ದೇವರಿಗೆ ಹೆಣ್ಣು ಬಿಡಬಾರದೆಂದು ಕಾಯ್ದೆ ಬಂದರೂ ಹಳಬರ ಬಾಯಿ ಮುಚ್ಚಿಲ್ಲ. ಓಣಿಯ ಹೆಂಗಸರು ಯಶೋಧಾಳ ಕಾಲು ಮುಟ್ಟತೊಡಗಿದರು. ಸಾವಂತ್ರೆವ್ವ ಮಾತ್ರ ನಂಬಲಿಲ್ಲ.

ಬಿಸಿಲಿಗೆ ಸಿಕ್ಕಾದ ಕೂದಲು ಎಣ್ಣೆಗೆ ಬಿಡಬೇಕು. ಬಿಗಿಯುತ್ತದೆ ಅಂದರೆ ಯಾರದೋ ಕೈ ಇದೆ. ಮಗಳು ಮಲಗಿದ್ದಾಗ ಗಂಟನ್ನು ಮೂಸಿದಳು. ಕೊಬ್ಬರಿಯಲ್ಲ, ಮೆಂತ್ಯವಲ್ಲ, ಆಲದ ಹಾಲು! ಅಂದಿನಿಂದ ರೊಟ್ಟಿ ಬಡಿಸುವ ನೆವದಲ್ಲಿ ಅತ್ತೆಯ ಬೆರಳು ಮೂಸುವುದೇ ಕೆಲಸವಾಯಿತು.

"ಯಾಕ ಮೂಸತೀ? ನಾ ಏನ ಬೆಲ್ಲ ಕದ್ದೇನೇನು?" ಎಂದು ಕರೆವ್ವ ರೇಗಿದಳು.

ಕಡೆಗೆ ಸಾವಂತ್ರೆವ್ವ ಏನೋ ನೆಪ ಹೇಳಿ ಅತ್ತೆಯನ್ನು ಚಚಡಿಯ ನಾದಿನಿಯ ಮನೆಗೆ ಸಾಗಹಾಕಿದಳು. ಇನ್ನು ಗಂಟು ಸಡಿಲಾಗುತ್ತದೆ ಅಂದುಕೊಂಡಳು. ಅದು ಇನ್ನೂ ದಪ್ಪಗಾಯಿತು.

ಮಧ್ಯಾಹ್ನ ಮಗಳ ಬೆನ್ನು ಹತ್ತಿ ಕಾಲುವೆಗೆ ಹೋದಳು. ಯಶೋಧಾ ಓಟ ಮುಗಿಸಿ ಆಲದ ಮರದ ಕೆಳಗೆ ನಿಂತಳು, ಓಢಣಿ ಬಿಚ್ಚಿದಳು, ಎಲೆ ಮುರಿದು ಒಸರಿದ ಹಾಲನ್ನು ಹಿಂದಲೆಗೆ ತಿಕ್ಕಿಕೊಂಡಳು.

"ನೀನಽ ಏನ?" ಸಾವಂತ್ರೆವ್ವ ಓಡಿ ಬಂದು ಆ ಕೈ ಹಿಡಿದಳು. "ಹುಚ್ಚಿ, ಜಡಿ ಅಂದ್ರ ಏನಂತ ಗೊತ್ತೈತೇನ ನಿನಗ? ಭರತಿಯೊಳಗೂ ಇಂಥಾ ತಲಿ ನಡಿಯೂದಿಲ್ಲ!"

"ತಾಯವ್ವ ಬರೂದು ನಿಂತ ಮ್ಯಾಲ ಕತ್ತರಸತಿದ್ದೆ."

"ನನಗ ಹೇಳಬೇಕಿಲ್ಲೋ?"

ಯಶೋಧಾ ತಾಯಿಯ ಮುಖವನ್ನೇ ನೋಡಿದಳು. "ಹೇಳಿದ್ನಲ್ಲವ್ವಾ. ನೀ ಎಣ್ಣಿ ಹಚ್ಚಕೋತನಽ ಕುಂತಿ. ನಾ ಒಲ್ಲೆ ಅಂದ್ರ ಯಾರೂ ಕೇಳಲಿಲ್ಲ. ದೇವಿ ಒಲ್ಲೆ ಅಂದ್ರ ಕೇಳತೀರಿ ಅಂತ ಮಾಡಿದ್ನಿ."

ಸಾವಂತ್ರೆವ್ವನಿಗೆ ಅಳು ಬಂತು, ಸಿಟ್ಟೂ ಬಂತು, ಮಗಳ ಮೇಲೋ ತನ್ನ ಮೇಲೋ ತಿಳಿಯಲಿಲ್ಲ. ಅಲ್ಲೇ ದಂಡೆಯ ಮೇಲೆ ಕುಳಿತು, ಸೊಂಟದ ಚೀಲದಿಂದ ಫೋನು ತೆಗೆದು ರಾಮದುರ್ಗಕ್ಕೆ ಹಚ್ಚಿದಳು.

"ತಾಯವ್ವಾ, ನೀವು ಬರೂದು ಬ್ಯಾಡ್ರಿ."

"ಯಾಕವಾ? ಹುಡಿಗಿಗೆ ಜಡಿ ಬಂದೈತಿ ಅಂತ ಸುದ್ದಿ, ಖರೇನ?"

"ಜಡಿ ಇಲ್ಲ, ಏನಿಲ್ಲ. ಹುಡಿಗಿ ಒಲ್ಲೆ ಅಂದಾಳ."